ಒಂದು ಗೇಣು ಎಡಕ್ಕೆ

ಗೌಡರು ಎರಡು ಡಬ್ಬಿ ಬಂದೂಕಿನ ತೋಟಾ ನನ್ನ ಮೇಜಿನ ಮೇಲಿಟ್ಟ ಹೊತ್ತಿಗೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅದನ್ನೇ ಬರೆಯಲು ಕುಳಿತಿದ್ದೇನೆ. ಕುಳಿತಿದ್ದೇನೆ ಅನ್ನುವುದೂ ಪೂರ್ತಿ ನಿಜವಲ್ಲ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಬಾಗಿಲವರೆಗೆ ಹೋಗುತ್ತೇನೆ, ಬಂದು ಮತ್ತೆ ಕೂರುತ್ತೇನೆ. ಹೆಂಡತಿ ಒಳಗಿನಿಂದ, ‘ಕಾಲಾಗ ಚಕ್ರ ಅದಾವೇನು ನಿಮಗ? ಒಂದು ಕಡಿ ಕೂಡ್ರಿ’ ಅನ್ನುತ್ತಾಳೆ.

ನನ್ನದು ಸುರಪುರದಲ್ಲಿ ಬಂದೂಕು ರಿಪೇರಿ ಅಂಗಡಿ. ಅಪ್ಪ ಹಾಕಿದ್ದು. ಯಾದಗಿರಿಯ ಡಿ.ಸಿ. ಆಫೀಸಿಗೆ ಲೈಸೆನ್ಸ್ ನವೀಕರಿಸಲು ಹೋದಾಗಲೆಲ್ಲ ಯಾರಾದರೊಬ್ಬ ಹೊಸ ಗುಮಾಸ್ತ ತಲೆಯೆತ್ತಿ ನೋಡಿ, ‘ಇಂಥಾ ಧಂದೆ ಇನ್ನೂ ನಡದದೇನ್ರಿ?’ ಎಂದು ಕೇಳುತ್ತಾನೆ. ನಡೆದಿದೆ, ಕುಂಟುತ್ತ. ಬೆಳೆ ಕಾಯುವ ಲೈಸೆನ್ಸಿನ ಹಳೇ ಒಂಟಿ ನಳಿಗೆಗಳು, ಬ್ಯಾಂಕಿನ ಕಾವಲುಗಾರರ ಬಂದೂಕುಗಳು ಬರುತ್ತವೆ. ಚುನಾವಣೆ ಬಂದರೆ ನನಗೆ ಸುಗ್ಗಿ. ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಬೇಕು. ಫಲಿತಾಂಶ ಬಂದ ಮೇಲೆ ವಾಪಸು ತಂದರೆ ಅರ್ಧಕ್ಕರ್ಧ ತುಕ್ಕು ಹಿಡಿದಿರುತ್ತವೆ. ಯಾರು ಗೆದ್ದರೂ ಆ ತಿಂಗಳು ನನಗೆ ಕೈತುಂಬ ಕೆಲಸ.

ಗೌಡರು ಅಪ್ಪನ ಕಾಲದಿಂದಲೂ ನಮ್ಮ ಅಂಗಡಿಗೆ ಬರುವವರು. ಶಹಾಪುರದ ಹಾದಿಯಲ್ಲಿ ಅವರ ಊರು. ಈಗ ಎಪ್ಪತ್ತು ದಾಟಿದೆ. ಅವರ ತಂದೆಯಿಂದ ಬಂದ ಒಂದು ವಿದೇಶಿ ರೈಫಲ್ ಇದೆ, ಈ ಭಾಗದಲ್ಲಿ ಅಂಥದ್ದನ್ನು ನಾನು ಮತ್ತೊಂದು ನೋಡಿಲ್ಲ. ಅಪ್ಪ ತೀರಿಕೊಂಡಾಗ ಆ ದೊಡ್ಡ ಮನುಷ್ಯ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೆಗಲು ಕೊಟ್ಟಿದ್ದರು. ಆ ಋಣ ನನ್ನ ನಾಲಗೆಯ ಮೇಲೆ ಕೂತಿತ್ತು ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ನನಗೆ ದೊಡ್ಡವರ ಎದುರು ಇಲ್ಲ ಎನ್ನಲು ಬರುವುದಿಲ್ಲ. ಹಿಂದಿನಿಂದ ಬೈಯಲು ಚೆನ್ನಾಗಿ ಬರುತ್ತದೆ.

ಅವತ್ತು ಅವರು ಬಂದದ್ದು ತೊಗರಿ ಹೂ ಬಿಟ್ಟ ದಿನಗಳಲ್ಲಿ. ರೈಫಲನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಪಕ್ಕದಲ್ಲಿ ಎರಡು ಡಬ್ಬಿ ಇಟ್ಟರು.

‘ಹೊಲದಾಗ ಹಂದಿ ಕಾಟ ಭಾಳ ಆಗ್ಯಾದ ಮಿಸ್ತ್ರಿ. ನಿಶಾನಿ ಕಟ್ಟಿ ಕೊಡು.’

ನಿಶಾನಿ ಕಟ್ಟುವುದು ಎಂದರೆ ಗುರಿ ಹೊಂದಿಸುವುದು. ಈಗಿನವರು ಜೀರೋ ಮಾಡುವುದು ಎನ್ನುತ್ತಾರೆ. ರೈಫಲ್ ತಾನಾಗಿ ಕಣ್ಣಿಟ್ಟಲ್ಲಿಗೆ ಹೊಡೆಯುವುದಿಲ್ಲ. ಕಣ್ಣು ನೋಡುವ ಗೆರೆ ಒಂದು, ಗುಂಡು ಹೋಗುವ ದಾರಿ ಇನ್ನೊಂದು. ಇಂತಿಷ್ಟು ದೂರದಲ್ಲಿ ಇವೆರಡೂ ಒಂದೇ ಕಡೆ ಕೂಡುವಂತೆ ನಳಿಗೆಯ ಮೇಲಿನ ಗುರಿಪಟ್ಟಿಯನ್ನು ಸರಿಸಿ ಕೂರಿಸಬೇಕು. ಗುಂಡಿನ ತೂಕ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಭಾರದ ಗುಂಡಿಗೆ ಕಟ್ಟಿದ ಗುರಿ ಹಗುರ ಗುಂಡಿಗೆ ಹೊಂದುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ಯಾವ ಗುಂಡು ಎಂಬುದು.

ಗೌಡರ ಒಂದು ಡಬ್ಬಿಯಲ್ಲಿ ನೂರೆಂಬತ್ತು ಗ್ರೇನ್ ತೂಕದ ಗುಂಡು, ಇನ್ನೊಂದರಲ್ಲಿ ನೂರೈವತ್ತರದು. ಹಂದಿ ಎಂದರೆ ನಾನು ಯೋಚಿಸುವುದೇ ಇಲ್ಲ. ಹೆಗಲ ಮೇಲಿನ ದಪ್ಪ ಚರ್ಮ, ಕೆಸರು ಒಣಗಿ ಗಟ್ಟಿಯಾದ ಕೂದಲು, ಅದರಡಿ ಎಲುಬು. ಅಷ್ಟನ್ನು ದಾಟಿ ಒಳಗಿಳಿಯಲು ಭಾರದ್ದೇ ಬೇಕು. ನಾನು ನೂರೆಂಬತ್ತರ ಡಬ್ಬಿ ಎತ್ತಿಕೊಂಡೆ. ಗೌಡರು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದು ಜೇಬಿಗಿಳಿಸಿ, ಇನ್ನೊಂದನ್ನು ನನ್ನ ಕಡೆ ಸರಿಸಿದರು.

‘ಇದಕ್ಕ ಕಟ್ಟು.’

‘ಹಂದಿಗಿ ಇದು ಹಗುರ ಆಗ್ತದಲ್ರಿ, ಗೌಡ್ರ.’

‘ನೂರು ಹೆಜ್ಜಿಗಿ ಕಟ್ಟು.’

ಅಷ್ಟೇ. ಅವರು ನನ್ನನ್ನು ನೋಡಿದರು, ನಾನು ಡಬ್ಬಿ ನೋಡಿದೆ. ತೆಳು ಚರ್ಮದ, ಸಣ್ಣ ಎಲುಬಿನ, ದೂರದಲ್ಲಿ ನಿಲ್ಲುವ ಪ್ರಾಣಿಗೆ ಆರಿಸುವ ಗುಂಡು ಅದು. ನಮ್ಮ ಕಡೆ ಅಂಥದ್ದು ಒಂದೇ ಇರುವುದು, ಚಿಗರಿ ಎಂದು ನಾವು ಕರೆಯುವ ಕೃಷ್ಣಮೃಗ. ಅದನ್ನು ಹೊಡೆದರೆ ಜೈಲು. ಹಂದಿಗೆ ಅನುಮತಿ ಸಿಗುತ್ತದೆ, ಚಿಗರಿಗೆ ಯಾರಪ್ಪ ಬಂದರೂ ಸಿಗುವುದಿಲ್ಲ. ಇದು ನನಗೂ ಗೊತ್ತು, ಅವರಿಗೂ ಗೊತ್ತು, ನನಗೆ ಗೊತ್ತಾಯಿತೆಂಬುದೂ ಅವರಿಗೆ ಗೊತ್ತು. ನಾನು ‘ನಾಡ್ದ ಬರ್ರಿ’ ಎಂದೆ.

ಆ ಚಿಗರಿ ಹಿಂಡು ನನಗೆ ಅಪರಿಚಿತವಲ್ಲ. ಶಹಾಪುರದ ಕಡೆ ಹೋಗುವಾಗ ಎರೆ ಹೊಲಗಳ ಆಚೆ ಕಾಣುತ್ತವೆ. ನಸುಗೆಂಪಿನ ಹೆಣ್ಣುಗಳು, ನಡುವೆ ಕಪ್ಪು ಬೆನ್ನಿನ ಒಂದೆರಡು ಗಂಡು. ಕಡಲೆ ಮೇಯುತ್ತವೆ, ರೈತರು ಬೈದು ಓಡಿಸುತ್ತಾರೆ, ಮಾರನೆಯ ದಿನ ಮತ್ತೆ ಬರುತ್ತವೆ. ನಾನು ಬೈಕ್ ನಿಲ್ಲಿಸಿ ನೋಡುವವನು. ಬಂದೂಕಿನ ನಡುವೆಯೇ ಹುಟ್ಟಿ ಬೆಳೆದವನಿಗೆ ಇದು ನಗೆಪಾಟಲಿನ ಹುಚ್ಚು ಎಂದು ಗೊತ್ತು. ಇರಲಿ. ನನಗೆ ಅವು ಇಷ್ಟ.

ಮರುದಿನ ಬೆಳಿಗ್ಗೆ ಎದ್ದವನೇ ಒಂದು ಉಪಾಯ ಹೂಡಿದೆ, ಅದರ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಇಲ್ಲ ಎನ್ನುವುದು ಬೇಡ, ಗೌಡರ ಮನಸ್ಸು ನೋಯಿಸುವುದು ಬೇಡ. ಗುರಿಯನ್ನು ಸ್ವಲ್ಪ ತಪ್ಪಿಸಿ ಕೊಟ್ಟರೆ ಗುಂಡು ಗಾಳಿಗೆ ಹೋಗುತ್ತದೆ, ಹಿಂಡು ಓಡಿಹೋಗುತ್ತದೆ, ಗೌಡರು ಎರಡು ಬೈಗುಳ ಬೈದು ಮನೆಗೆ ಹೋಗುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನಂಥವನಿಗೆ ಹೇಳಿ ಮಾಡಿಸಿದ ದಾರಿ.

ಪರೀಕ್ಷೆಗೆಂದು ನಾವು ಹೋಗುವುದು ಒಂದು ಹಳೇ ಕಲ್ಲಿನ ಖಣಿಗೆ. ಮೂರು ಕಡೆ ಬಂಡೆ, ಗುಂಡು ಆಚೆ ಹೋಗುವುದಿಲ್ಲ. ಅಲ್ಲಿ ನಿಲ್ಲಿಸಲು ಅಪ್ಪ ಮಾಡಿಸಿದ ಹಲಗೆಯೊಂದಿದೆ. ಅದರ ಮೇಲೆ ಅವರೇ ಬಣ್ಣದಲ್ಲಿ ಬರೆದ ಚಿಗರಿ, ಹೆಗಲ ಹತ್ತಿರ ಒಂದು ದುಂಡನೆಯ ಗುರುತು. ಅದು ಎಡಕ್ಕೆ ಮುಖ ಮಾಡಿ ನಿಂತಿದೆ. ಅಪ್ಪನಿಗೆ ಬಲಕ್ಕೆ ಮುಖ ಮಾಡಿದ ಪ್ರಾಣಿ ಬರೆಯಲು ಬರುತ್ತಿರಲಿಲ್ಲವೇನೋ. ಆಕಳು ಬರೆದರೂ ಎಡಕ್ಕೇ ನೋಡುತ್ತಿತ್ತು.

ಮೊದಲು ಗುರಿಯನ್ನು ಸರಿಯಾಗಿಯೇ ಕಟ್ಟಿದೆ. ಕೆಲಸ ಕಲಿತ ಕೈ, ಕೆಡಿಸುವ ಮುಂಚೆ ಸರಿ ಮಾಡಲೇಬೇಕು ಅನ್ನುತ್ತದೆ. ಮೂರು ಗುಂಡೂ ಹೆಗಲ ಗುರುತಿನಲ್ಲಿ ರೂಪಾಯಿ ನಾಣ್ಯದಿಂದ ಮುಚ್ಚುವಷ್ಟು ಹತ್ತಿರ ಬಿದ್ದವು. ಆಮೇಲೆ ಹಿತ್ತಾಳೆಯ ಮೊಳೆಯಿಟ್ಟು ಸಣ್ಣ ಸುತ್ತಿಗೆಯಿಂದ ಹಿಂದಿನ ಗುರಿಪಟ್ಟಿಯನ್ನು ಎಡಕ್ಕೆ ತಟ್ಟಿದೆ. ಮತ್ತೆ ಹೊಡೆದೆ. ಗುಂಡು ಒಂದು ಗೇಣು ಎಡಕ್ಕೆ, ಚಿಗರಿಯ ಎದೆಯ ಮುಂದಿನ ಖಾಲಿ ಹಲಗೆಗೆ ಬಡಿಯಿತು. ಕೂದಲೂ ಕೊಂಕದು. ನನಗೆ ನಗು ಬಂತು. ಬರುವಾಗ ಸಿಳ್ಳೆ ಹಾಕುತ್ತ ಬೈಕ್ ಓಡಿಸಿದೆ.

ಗೌಡರು ಬಂದು ರೈಫಲ್ ಒಯ್ದರು. ನನ್ನ ಮೇಲೆ ಅಷ್ಟು ನಂಬಿಕೆ, ಒಂದು ಗುಂಡು ಹೊಡೆದೂ ನೋಡಲಿಲ್ಲ. ‘ನಿಮ್ಮಪ್ಪನ ಕೈ ನಿಂದು’ ಎಂದರು. ಸಿಳ್ಳೆ ಅಲ್ಲಿಗೆ ನಿಂತಿತು.

ಅಲ್ಲಿಂದ ಶುರುವಾಯಿತು ನನ್ನ ಅವಸ್ಥೆ. ಸ್ಕ್ರೂ ಬಿಗಿಸಲು ಕೂತರೆ ಯಾವ ಸ್ಕ್ರೂ ಎಂಬುದು ಮರೆಯುತ್ತಿತ್ತು. ಯಾವುದೋ ಮದುವೆಯ ಪಟಾಕಿ ಕೇಳಿದರೆ ಎದ್ದು ಹೊರಗೆ ಬರುತ್ತಿದ್ದೆ. ಒಂದೇ ನಳಿಗೆಯನ್ನು ಎರಡು ಸಲ ಉಜ್ಜಿದೆ, ಅದು ಕನ್ನಡಿಯಂತಾಯಿತು, ಅದರ ಮಾಲೀಕ ಇದು ಬೇರೆಯವರದೆಂದು ಜಗಳ ತೆಗೆದ. ಎರಡು ದಿನ ಬೆಳಿಗ್ಗೆ ಬೈಕ್ ಹತ್ತಿ ಶಹಾಪುರದ ಹಾದಿ ಹಿಡಿದೆ. ಹಿಂಡು ಇತ್ತು. ಕಂಡ ಕೂಡಲೇ ಜೀವ ತಂಪಾಗುತ್ತಿತ್ತು, ಅಂಗಡಿಗೆ ಬಂದು ಅರ್ಧ ತಾಸಿಗೆ ಮತ್ತೆ ಚಡಪಡಿಕೆ.

ಮೂರನೆಯ ಬೆಳಿಗ್ಗೆ ಹಿಂಡು ಕಾಣಲಿಲ್ಲ. ರಸ್ತೆ ಬಿಟ್ಟು ಬಂಡಿದಾರಿಯಲ್ಲಿ ಒಳಗೆ ಹೋದೆ. ಒಂದು ಕಡಲೆ ಹೊಲದ ಬದುವಿನ ಮೇಲೆ ಹೆಣ್ಣುಮಗಳೊಬ್ಬಳು ನಿಂತು ಸೆರಗು ಬೀಸಿ ಕಾಗೆ ಓಡಿಸುತ್ತಿದ್ದಳು. ಆ ಹೊಲದ ಒಡತಿ. ನನ್ನನ್ನು ನೋಡಿದವಳೇ ಕರೆದಳು.

‘ಅಣ್ಣಾರ, ಇಲ್ಲಿ ಬರ್ರಿ, ನೋಡ್ರಿ ಇದನ್ನ. ನಿನ್ನಿ ಸಂಜಿಯಿಂದ ಹಿಂಗ ಬಿದ್ದಾದ. ಜೀವ ಹೋಗವಲ್ದು.’

ಕಪ್ಪು ಬೆನ್ನಿನ ಗಂಡು. ಕೊಂಬು ನೆಲಕ್ಕೆ ಊರಿಕೊಂಡಿತ್ತು. ಗಾಯ ಬಲಗಡೆ, ಹೊಟ್ಟೆಯಲ್ಲಿ. ಹೆಗಲಿನಿಂದ ಗಾಯಕ್ಕೆ ಎಷ್ಟು ದೂರ ಎಂದು ಅಳೆಯಲು ನಾನು ಕೈ ಚಾಚಬೇಕಿರಲಿಲ್ಲ, ಆದರೂ ಚಾಚಿದೆ. ಒಂದು ಗೇಣು.

ಆಗ ತಿಳಿಯಿತು. ಅದು ಗೌಡರ ಎದುರು ಬಲಕ್ಕೆ ಮುಖ ಮಾಡಿ ನಿಂತಿತ್ತು. ಬಲಕ್ಕೆ ನೋಡುವ ಪ್ರಾಣಿಗೆ ಹೆಗಲಿನಿಂದ ಎಡಕ್ಕೆ ಇರುವುದು ಖಾಲಿ ಗಾಳಿಯಲ್ಲ, ಹೊಟ್ಟೆ. ಆ ಖಣಿಯಲ್ಲಿ ನಾನು ಎಷ್ಟು ವರ್ಷದಿಂದ ಎಡಕ್ಕೆ ನೋಡುವ ಹಲಗೆಗೇ ಹೊಡೆಯುತ್ತಿದ್ದೇನೆಂದರೆ, ಚಿಗರಿ ಎಂದರೆ ಎಡಕ್ಕೇ ನಿಲ್ಲುತ್ತದೆ ಎಂದು ನನ್ನ ತಲೆ ನಂಬಿಬಿಟ್ಟಿತ್ತು. ಚಿಕ್ಕ ಮಕ್ಕಳಿಗೂ ಹೊಳೆಯುವ ವಿಷಯ. ಅದು ಬಲಕ್ಕೆ ತಿರುಗಬಹುದು ಎಂದು ನನಗೆ ಹೊಳೆಯಲಿಲ್ಲ.

ಆಕೆ ತತ್ರಾಣಿಯಿಂದ ಅಂಗೈಗೆ ನೀರು ಸುರಿದು ಅದರ ಬಾಯಿಗೆ ಹಿಡಿದಳು. ಅದು ಕುಡಿಯಲಿಲ್ಲ. ಹೊಟ್ಟೆ ಏರಿಳಿಯುತ್ತಿತ್ತು, ಕಣ್ಣು ತೆರೆದೇ ಇತ್ತು.

‘ಫಾರೆಸ್ಟಿನವ್ರಿಗಿ ಫೋನ್ ಮಾಡಿಸೀನ್ರಿ, ಬರ್ತಾರಂತ’ ಎಂದಳು. ‘ನನ್ನ ಕಡ್ಲಿ ತಿಂದು ಹಾಳು ಮಾಡ್ಯಾವ, ಖರೆ. ಬೈದೀನಿ, ಕಲ್ಲು ಒಗದೀನಿ. ಆದ್ರ ಹಿಂಗ ಮಾಡಬೇಕೇನ್ರಿ? ಹೊಡ್ಯಾವ ನೆಟ್ಟಗರ ಹೊಡೀಬಾರ್ದೇನ್ರಿ? ಅವನ ಕೈ ಸೇದ್ಹೋಗ್ಲಿ.’

ಶಾಪ ಸರಿಯಾದ ಕೈಗೆ ಬಿದ್ದಿತ್ತು, ಆಕೆಗೆ ಗೊತ್ತಿರಲಿಲ್ಲ. ಫಾರೆಸ್ಟಿನವರ ಜೀಪು ಬರುವ ಮೊದಲೇ ಚಿಗರಿಯ ಉಸಿರು ನಿಂತಿತು. ದೂರದಲ್ಲಿ ಧೂಳು ಕಂಡಾಗ, ಅಂಗಡಿ ತೆಗೆಯಬೇಕು ಎಂದು ಗೊಣಗಿ ಬೈಕ್ ಹತ್ತಿದೆ. ಓಡಿಬಂದೆ ಎನ್ನುವುದೇ ಸರಿ.

ಆಮೇಲಿನ ನಾಲ್ಕು ದಿನ ನಾನು ಹೇಗಿದ್ದೆ ಎಂದು ಹೆಂಡತಿಯನ್ನೇ ಕೇಳಬೇಕು. ಅನ್ನ ಕಲಸಿ ಬಿಟ್ಟು ಏಳುತ್ತಿದ್ದೆನಂತೆ. ಅವಳಿಗೆ ಹೇಳಿದೆ. ಅವಳು ತಟ್ಟೆ ಎತ್ತಿಡುತ್ತ, ‘ಆಗಂಗಿಲ್ಲ ಅನ್ನಲಿಕ್ಕ ಎಷ್ಟು ಹೊತ್ತು ಬೇಕಿತ್ತು ನಿಮಗ?’ ಎಂದಳು. ನನಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು ಅದು, ಬೇಗ ಇಳಿಯುವುದಿಲ್ಲ.

ಐದನೆಯ ದಿನ ಮಧ್ಯಾಹ್ನ ಗೌಡರು ಬಂದರು. ರೈಫಲ್ಲಿನ ಜೊತೆ ಲೈಸೆನ್ಸ್ ಪುಸ್ತಕವೂ ಇತ್ತು. ಬೈಯಲು ಬಂದಿದ್ದಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮೇಜಿನ ಮೇಲಿಟ್ಟು ನೋಡಿಕೊಂಡರು. ಮುಖ ಇಳಿದಿತ್ತು.

‘ಇದನ್ನ ಸಾಫ್ ಮಾಡಿ ಕೊಡು ಮಿಸ್ತ್ರಿ. ನಾಳಿ ಠಾಣೆದಾಗ ಜಮಾ ಮಾಡಿಬಿಡ್ತೀನಿ. ಲೈಸೆನ್ಸೂ ಬ್ಯಾಡ.’

‘ಯಾಕ್ರಿ?’

‘ಕೈ ಹೋತಪಾ. ಹೆಗಲಿಗಿ ಹಿಡದಿದ್ದೆ, ಹೊಟ್ಟಿಗಿ ಬಿತ್ತು. ಜಲ್ಮದಾಗ ಒಂದು ಪ್ರಾಣಿ ಹೊಟ್ಟಿಗಿ ಹೊಡದವ ಅಲ್ಲ ನಾ. ಹುಡುಕಿದೆ, ಕತ್ತಲಾತು, ಸಿಗಲಿಲ್ಲ. ಅದು ಎಲ್ಲಿ ಬಿದ್ದು ಒದ್ದಾಡ್ತೋ ಏನೋ. ಐದು ದಿನ ಆತು, ಕಣ್ಣಿಗಿ ಕಣ್ಣು ಹತ್ತವಲ್ದು.’

ನಾನು ರೈಫಲ್ ಎಳೆದುಕೊಂಡು, ಒರೆಸುವ ನೆಪದಲ್ಲಿ, ಗುಂಡನ್ನು ಒಳತಳ್ಳಿ ಹಾರಿಸುವ ಬೋಲ್ಟನ್ನು ಹಿಂದಕ್ಕೆಳೆದು ಹೊರತೆಗೆದೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ತಲೆಯೊಳಗೆ ಲೆಕ್ಕ ಓಡುತ್ತಿತ್ತು. ಸುಮ್ಮನಿದ್ದರೆ ಸಾಕು. ನಾಳೆ ರೈಫಲ್ ಠಾಣೆಗೆ ಹೋಗುತ್ತದೆ, ಗೌಡರ ಬೇಟೆ ಮುಗಿಯುತ್ತದೆ, ಹಿಂಡು ಬದುಕುತ್ತದೆ. ನಾನು ಬಯಸಿದ್ದು ಅದನ್ನೇ ಅಲ್ಲವೇ? ಆದರೆ ಆ ಮುದುಕ ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದರು. ಬೆರಳು ನಡುಗುತ್ತಿದ್ದವು. ಮೊದಲ ಸಲ ಬಂದಾಗ ಅವು ನಡುಗುತ್ತಿರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ, ನನ್ನಿಂದ ಡಬ್ಬಿ ತೆಗೆದುಕೊಂಡ ಕೈ ಅದು. ತಡೆಯಲಾಗಲಿಲ್ಲ.

‘ಕೈ ನಿಮ್ಮದು ಸರಿ ಅದರಿ, ಗೌಡ್ರ. ನಾನು ಗುರಿ ತಪ್ಪಿಸಿ ಕೊಟ್ಟಿದ್ದೆ. ಹಂದಿಗಲ್ಲ, ಚಿಗರಿಗಿ ಅಂತ ಗೊತ್ತಾತು. ಗುಂಡು ಗಾಳಿಗಿ ಹೋಗ್ಲಿ ಅಂತ ಒಂದು ಗೇಣು ಎಡಕ್ಕ ಇಟ್ಟಿದ್ದೆ. ಅದು ಬಲಕ್ಕ ಮಾರಿ ಮಾಡಿ ನಿಂತಿತ್ತು. ಅದಕ್ಕ ಹೊಟ್ಟಿಗಿ ಬಿತ್ತು. ತಪ್ಪು ನಂದು. ಅದು ಸಾಯೂದು ನಾ ನೋಡೀನಿ.’

ಬೈಗುಳಕ್ಕೆ, ಕಪಾಳದ ಏಟಿಗೆ ತಯಾರಾಗಿ ನಿಂತೆ. ಗೌಡರು ನನ್ನ ಮುಖವನ್ನೇ ನೋಡಿದರು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಣ್ಣು ಅಗಲವಾದವು, ಬೆನ್ನು ನೆಟ್ಟಗಾಯಿತು.

‘ಅಂದ್ರ ನಾ ಹಿಡದಿದ್ದು ಹೆಗಲಿಗೇ?’

‘ಹೌದ್ರಿ.’

‘ಕೈ ಹೋಗಿಲ್ಲ?’

‘ಇಲ್ರಿ.’

ಅವರು ನಕ್ಕರು. ನನ್ನ ಮೇಲೆ ಸಿಟ್ಟಾಗಬೇಕು ಎಂಬುದೂ ನೆನಪಾಗದಷ್ಟು ಸಂತೋಷ. ಚಿಗರಿಯ ಮಾತು ಅವರ ಕಿವಿಗೇ ಬಿದ್ದಿರಲಿಲ್ಲ. ಬಲಗೈ ಎತ್ತಿ ಬೆರಳು ಚಾಚಿ ನೋಡಿದರು, ಒಂದೂ ಅಲುಗಲಿಲ್ಲ. ಲೈಸೆನ್ಸ್ ಪುಸ್ತಕ ಎತ್ತಿ ಜೇಬಿಗೆ ಹಾಕಿಕೊಂಡರು.

‘ಹುಚ್ಚ ಇದ್ದಿ ನೀ. ನನ್ನ ಜೀವಾನೇ ತಗದಿದ್ದಿ. ಹೋಗ್ಲಿ ಬಿಡು. ನೆಟ್ಟಗ ಮಾಡಿ ಕೊಡು ಈಗ.’

‘ಆಗಂಗಿಲ್ರಿ’ ಎಂದೆ. ಬಂತು ಕೊನೆಗೂ ಆ ಮಾತು, ಹೆಚ್ಚೆಂದರೆ ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು.

‘ಬ್ಯಾಡ ಬಿಡು’ ಎಂದರು ಗೌಡರು ಹಗುರಾಗಿ, ರೈಫಲ್ಲಿಗೆ ಕೈ ಚಾಚುತ್ತ. ‘ಒಂದು ಗೇಣು ಎಡಕ್ಕ ಅಂದ್ಯಲ್ಲ, ಗೊತ್ತಾತಲ್ಲ. ನಾ ಒಂದು ಗೇಣು ಬಲಕ್ಕ ಹಿಡೀತೀನಿ.’

ನಿಜವೇ. ಎಷ್ಟು ತಪ್ಪಿದೆ, ಯಾವ ಕಡೆ ತಪ್ಪಿದೆ ಎಂದು ಗೊತ್ತಿರುವ ಗುರಿ ಸರಿಯಾದ ಗುರಿಯೇ. ಕದ್ದು ತಪ್ಪಿಸಿ ಒಂದನ್ನು ಕೊಂದಿದ್ದೆ, ಈಗ ತಪ್ಪೊಪ್ಪಿಕೊಳ್ಳುವ ಭರದಲ್ಲಿ ಉಳಿದವುಗಳನ್ನೂ ಅಳೆದು ಕೈಗೆ ಕೊಟ್ಟಿದ್ದೆ.

ಗೌಡರು ರೈಫಲ್ ಎತ್ತಿಕೊಂಡರು. ಆಮೇಲೆ ನನ್ನ ಕೈ ನೋಡಿದರು. ಬೋಲ್ಟ್ ನನ್ನ ಮುಷ್ಟಿಯಲ್ಲಿತ್ತು. ಅದಿಲ್ಲದೆ ಆ ರೈಫಲ್ ಒಂದು ಬಡಿಗೆ.

‘ಕೊಡು.’

‘ಕೊಡಂಗಿಲ್ರಿ.’

‘ನಿಮ್ಮಪ್ಪನ ಹೆಣ ಹೊತ್ತೀನಿ ನಾ.’

‘ಖರೆ ಅದರಿ. ಕೊಡಂಗಿಲ್ಲ.’

ಅವರು ಬಾಗಿಲಲ್ಲಿ ನಿಂತು ಕೂಗಾಡಿದರು. ಎದುರಿನ ಅಂಗಡಿಯವರು ಹೊರಗೆ ಬಂದು ನೋಡಿದರು. ನಾನು ಅಳುತ್ತಿದ್ದೆ, ನಾಚಿಕೆಯಿಲ್ಲದೆ, ಮುಷ್ಟಿ ಮಾತ್ರ ಬಿಡಲಿಲ್ಲ. ಗೌಡರು ಬೋಲ್ಟಿಲ್ಲದ ರೈಫಲ್ಲನ್ನು ತಮ್ಮ ಜೀಪಿನಲ್ಲಿ ಎಸೆದು ಹೋದರು. ಇನ್ನು ಆ ಮನೆಯವರು ನಮ್ಮ ಹೊಸ್ತಿಲು ತುಳಿಯಲಾರರು.

ಅಂಗಡಿಗೆ ಬೀಗ ಹಾಕಿ, ಬೋಲ್ಟನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ಒಳಗೆ ಹೋಗುವ ಮುಂಚೆ ಗೇಟಿನ ಹತ್ತಿರ ನಾಲ್ಕು ಸುತ್ತು ಹಾಕಿದೆ. ಮೇಜಿನ ಮೇಲೆ ಅದನ್ನಿಟ್ಟು, ಎರಡು ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನನ್ನ ಲೈಸೆನ್ಸ್ ಹೋಗಬಹುದು ಎಂದು ಗೊತ್ತಿತ್ತು, ಹೋಗಲಿ ಎನಿಸಿತು. ಅಲ್ಲಿದ್ದ ಅಧಿಕಾರಿ ಸಣ್ಣ ವಯಸ್ಸಿನವರು. ಬರೆದುಕೊಳ್ಳುತ್ತಿದ್ದವರು ನಡುವೆ ಪೆನ್ನು ನಿಲ್ಲಿಸಿದರು.

‘ತೋಟಾ ನೋಡಿದ ದಿನಾನೇ ಗೊತ್ತಾಗಿತ್ತಲ್ರಿ ನಿಮಗ?’

‘ಹೌದ್ರಿ.’

‘ಅವತ್ತೇ ಬರಬೇಕಿತ್ತಲ್ರಿ. ಅದು ಉಳೀತಿತ್ತು.’

ಬೈಯುವ ದನಿಯಲ್ಲಿ ಹೇಳಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಬರೆಯಲು ಎರಡು ಸಾಲಿನ ಜಾಗ ಬಿಟ್ಟು, ತಲೆ ತಗ್ಗಿಸಿ ಮುಂದಿನದನ್ನು ಬರೆಯತೊಡಗಿದರು. ಆ ಜಾಗ ಅವರ ಕಾಗದದಲ್ಲಿ ಖಾಲಿಯೇ ಉಳಿಯಿತು.